ಸೊಲ್ಲು ಮುಂದೆ, ಗಿಟಾರು ಹಿಂದೆ

ಶಿಶುನಾಳ ಶರೀಫರ ತತ್ವಪದವನ್ನು ಗಿಟಾರು, ಡ್ರಮ್ಸ್ ಕಟ್ಟಿಕೊಂಡು ಹಾಡಿದರೆ ಕನ್ನಡಿಗರಲ್ಲಿ ತಕ್ಷಣ ಎರಡು ಪಕ್ಷಗಳಾಗುತ್ತವೆ. ಏಕತಾರಿ, ದಮ್ಮಡಿಯ ಜೊತೆ ಊರ ಕಟ್ಟೆಯ ಮೇಲೆ ಹಾಡಬೇಕಾದ ಪದವನ್ನು ಕುಣಿತದ ಸರಕು ಮಾಡಿಬಿಟ್ಟರು ಎಂದು ಒಂದು ಪಕ್ಷ ನೊಂದುಕೊಳ್ಳುತ್ತದೆ. ಹೇಗಾದರೂ ಸರಿ, ಹುಡುಗರ ಬಾಯಿಗೆ ಕನ್ನಡ ಬಂತಲ್ಲ ಎಂದು ಇನ್ನೊಂದು ಪಕ್ಷ ಸಮಾಧಾನಪಡುತ್ತದೆ. ನನಗೆ ಎರಡೂ ಸಾಲದು. ಮೊದಲನೆಯವರು ಹಾಡಿನ ಜೀವ ವಾದ್ಯದಲ್ಲಿದೆ ಎಂದು ತಿಳಿದಂತಿದೆ. ಎರಡನೆಯವರು ಹಾಡಿಗೆ ಜೀವ ಇದೆಯೋ ಇಲ್ಲವೋ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ನಮ್ಮ ಹಳ್ಳಿಯ ಹಾಡಿನ ಜೀವ ಸೊಲ್ಲಿನಲ್ಲಿದೆ ಎಂಬುದು ನನ್ನ ನಂಬಿಕೆ. ಸೊಲ್ಲು ಮುಂದೆ ನಿಂತು ವಾದ್ಯ ಅದರ ಹಿಂದೆ ನಡೆದರೆ ಯಾವ ಬೆರಕೆಯೂ ಹಾಡನ್ನು ಕೆಡಿಸಲಾರದು. ವಾದ್ಯ ಮುಂದೆ ನುಗ್ಗಿ ಸೊಲ್ಲು ಹಿಂದೆ ಬಿದ್ದರೆ ಅಪ್ಪಟ ಏಕತಾರಿ ಕೂಡ ಹಾಡನ್ನು ಉಳಿಸಲಾರದು. ಹಳ್ಳಿಯ ಹಾಡನ್ನೂ ರಾಕ್ ಸಂಗೀತವನ್ನೂ ಬೆಸೆದು ಬದುಕು ಕಟ್ಟಿಕೊಂಡ ಗಾಯಕನ ವೃತ್ತಿಜೀವನವನ್ನು ಅಳೆಯುವುದಕ್ಕೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ನನಗೆ ಕಂಡಿಲ್ಲ.

ಕನ್ನಡದಲ್ಲಿ ಅಂಥ ವೃತ್ತಿಜೀವನ ಎಂದರೆ ಮೊದಲು ನೆನಪಾಗುವ ಹೆಸರು ರಘು ದೀಕ್ಷಿತರದು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ಸ್ನಾತಕೋತ್ತರ ಪದವೀಧರ, ಭರತನಾಟ್ಯ ಕಲಿತ ನರ್ತಕ. ಸಂಗೀತವನ್ನು ಮಾತ್ರ ಯಾವ ಗುರುವಿನ ಹತ್ತಿರವೂ ಕ್ರಮವಾಗಿ ಕಲಿತವರಲ್ಲ. ಕಾಲೇಜಿನ ದಿನಗಳಲ್ಲಿ ಗಿಟಾರು ಕೈಗೆತ್ತಿಕೊಂಡು ತಾವೇ ದಾರಿ ಮಾಡಿಕೊಂಡರು. ಕೆಲಸಕ್ಕೆಂದು ಬೆಲ್ಜಿಯಮ್‌ಗೆ ಹೋಗಿ, ಅಲ್ಲಿಂದ ಹಾಡನ್ನೇ ನಂಬಿ ಬೆಂಗಳೂರಿಗೆ ಮರಳಿದರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು; ಮುಂದೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು. ಧ್ವನಿಮುದ್ರಣ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಕೊನೆಗೆ ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ ಕೈಹಿಡಿದು, 2008ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ಒಂದು ಗುಡಿಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲ್ಯಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ. 2013ರಲ್ಲಿ ಎರಡನೆಯ ಮುದ್ರಿಕೆ ‘ಜಗ್ ಚಂಗಾ’. ಅದರಲ್ಲೂ ಶರೀಫರು ಇದ್ದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ತೂಗುಹಾಕಿಕೊಂಡು ನಿಲ್ಲುವ ಈ ಗಾಯಕನಿಗಿಂತ ಮುಂಚೆ ಸಿ. ಅಶ್ವಥ್ ಇದೇ ಶರೀಫರನ್ನು ಸುಗಮ ಸಂಗೀತದ ವೇದಿಕೆಗೆ ತಂದಿದ್ದರು. ಟಿ.ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಆ ಪದಗಳು ಮನೆಮನೆ ತಲುಪಿದವು. ದೀಕ್ಷಿತರ ದಾರಿ ಬರಿಯ ಬಯಲಿನಲ್ಲಿ ಶುರುವಾದದ್ದಲ್ಲ. ಅಶ್ವಥ್ ಸವೆಸಿದ ಹಾದಿಯಿಂದ ಅದು ಕವಲೊಡೆಯಿತು.

ಮೊದಲ ಆಕ್ಷೇಪ ವಾದ್ಯದ್ದು: ಗಿಟಾರು ನಮ್ಮದಲ್ಲ. ಈ ಮಾತಿಗೆ ನನ್ನಂತೆ ಪುಣೆಯಲ್ಲಿ ಕೂತವರು ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗದಗ ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ 1953ರಿಂದ ನಡೆಸಿಕೊಂಡು ಬಂದ ಸಂಗೀತೋತ್ಸವ ಇಲ್ಲಿಯದೇ. ಅವರು ಖ್ಯಾಲ್ ಹಾಡಿದಷ್ಟೇ ಪ್ರೀತಿಯಿಂದ ಮರಾಠಿಯಲ್ಲಿ ಅಭಂಗವನ್ನೂ ಕನ್ನಡದಲ್ಲಿ ದಾಸರ ಪದಗಳನ್ನೂ ಹಾಡಿದರು. ಪುರಂದರದಾಸರ ಕೈಯಲ್ಲಿದ್ದದ್ದು ತಂಬೂರಿ, ಚಿಪ್ಪಳಿ. ಜೋಶಿಯವರ ದಾಸವಾಣಿಯಲ್ಲಿ ಕಿರಾಣಾ ಘರಾಣೆಯ ರಾಗವಿಸ್ತಾರ, ತಬಲಾ, ಹಾರ್ಮೋನಿಯಂ ಎಲ್ಲ ಬಂದವು. ದಾಸರ ಪದ ಕೆಟ್ಟಿತೆಂದು ಕನ್ನಡಿಗರು ಯಾರೂ ಹೇಳಲಿಲ್ಲ. ಕಣ್ಣೀರು ತುಂಬಿಕೊಂಡು ಕೇಳಿದರು. ಇನ್ನು ಹಾರ್ಮೋನಿಯಂ ಯುರೋಪಿನಿಂದ ಬಂದದ್ದು, ಕೋಲ್ಕತ್ತದಲ್ಲಿ ನೆಲದ ಮೇಲೆ ಕೂತು ನುಡಿಸುವಂತೆ ಮಾರ್ಪಾಡಾದದ್ದು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳೂ ಮೀಂಡೂ ಅದರಲ್ಲಿ ಹೊರಡವು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಗೊಳ್ಳಲು 1971 ಬರಬೇಕಾಯಿತು. ಆ ಆಕ್ಷೇಪದಲ್ಲಿ ಸಂಗೀತಶಾಸ್ತ್ರದ ದೃಷ್ಟಿಯಿಂದ ಸತ್ಯವಿತ್ತು. ಆದರೂ ಪುಣೆಯ ಅಪ್ಪಾ ಜಳಗಾಂವ್‌ಕರರಂಥ ವಾದಕರು ಗಾಯಕನ ದನಿಯ ಹಿಂದೆ ಹಿಂದೆ ನಡೆದು, ವಾದ್ಯದ ಕೊರತೆಯನ್ನು ತಮ್ಮ ವಿವೇಕದಿಂದ ತುಂಬಿಕೊಟ್ಟರು. ಇಂದು ಹಳ್ಳಿಯ ಭಜನಾಮೇಳದಿಂದ ಹಾರ್ಮೋನಿಯಂ ತೆಗೆದರೆ ಪರಂಪರೆಯೇ ಹೋಯಿತು ಎನ್ನುತ್ತಾರೆ. ವಾದ್ಯ ನಮ್ಮದಾಗುವುದು ಅದು ಹುಟ್ಟಿದ ಊರಿನಿಂದಲ್ಲ, ನಮ್ಮ ಹಾಡಿಗೆ ಅದು ತೋರುವ ವಿಧೇಯತೆಯಿಂದ.

ಇನ್ನು ಶರೀಫರನ್ನೇ ನೋಡೋಣ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರ ಜೀವಿತದಲ್ಲಿ ಉತ್ತರ ಕರ್ನಾಟಕ ಪೇಶ್ವೆಯರ ಆಳಿಕೆ ಮುಗಿದ ಕಾಲದಿಂದ ಬ್ರಿಟಿಷರ ಗಿರಣಿ, ರೈಲುಗಳ ಕಾಲಕ್ಕೆ ದಾಟಿತು. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲೆಯಲ್ಲಿ ಕಲಿಸಿದವರು, ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ತಾವೇ ಪದ ಕಟ್ಟಿ, ತಾವೇ ಹಾಡಿ, ಶಿಶುನಾಳಧೀಶನ ಅಂಕಿತ ಹಾಕಿ ಊರೂರು ತಿರುಗಿದರು. ಮೊಹರಮ್ಮಿನ ರಿವಾಯತ ಪದಗಳನ್ನೂ ಕಟ್ಟಿದರು, ಶರಣರ, ದೇವಿಯ ಪದಗಳನ್ನೂ ಕಟ್ಟಿದರು. ಹಾಡು ಬರೆದು ತಾನೇ ಹಾಡುವ ಗಾಯಕ ಎಂಬ ಮಾತನ್ನು ನಾವು ಅಮೆರಿಕದಿಂದ ಕಲಿತಂತೆ ಆಡುತ್ತೇವೆ. ಶರೀಫರು, ಕಡಕೋಳ ಮಡಿವಾಳಪ್ಪನವರು ಮಾಡಿದ್ದು ಅದನ್ನೇ. ಶರೀಫರ ವಿಧಾನವನ್ನು ಗಮನಿಸಬೇಕು. ಹುಬ್ಬಳ್ಳಿಯಲ್ಲಿ ಹತ್ತಿ ಗಿರಣಿ ಎದ್ದರೆ ಅವರು ಆ ಯಂತ್ರವನ್ನು ಕಣ್ಣರಳಿಸಿ ನೋಡಿ ಅದರ ಮೇಲೇ ಪದ ಕಟ್ಟಿದರು, ಅದರ ಚಕ್ರ, ದಾರಗಳಲ್ಲಿ ದೇಹ ಮತ್ತು ದೈವದ ಲೆಕ್ಕ ಹೇಳಿದರು. ಯಂತ್ರ ಬಂತು, ನಮ್ಮ ಹಾಡು ಹಾಳಾಯಿತು ಎಂದು ಅವರು ಮುಖ ತಿರುಗಿಸಲಿಲ್ಲ. ತನ್ನ ಕಾಲದ ಸಾಮಾನನ್ನು ಎತ್ತಿಕೊಂಡು ತತ್ವದ ಕೆಲಸಕ್ಕೆ ಹಚ್ಚುವುದೇ ಅವರ ಪರಂಪರೆ. ವಿದ್ಯುತ್ ಗಿಟಾರು ನಮ್ಮ ಕಾಲದ ಸಾಮಾನು. ಅದನ್ನು ಮುಟ್ಟಬಾರದು ಎನ್ನುವವರು ಶರೀಫರ ಪದವನ್ನು ಕಾಪಾಡಲು ಹೋಗಿ ಶರೀಫರ ರೀತಿಯನ್ನು ಕೈಬಿಡುತ್ತಿದ್ದಾರೆ.

ಹಾಗೆಂದು ಗಿಟಾರಿಗೆ ಬೇಕಾದ್ದು ಮಾಡುವ ಪರವಾನಗಿ ಸಿಕ್ಕಿತೆಂದಲ್ಲ. ಇಲ್ಲಿ ಒಂದು ತಾಂತ್ರಿಕ ಸಂಗತಿ ಇದೆ, ಅದನ್ನು ಬಿಡಿಸಿ ನೋಡಬೇಕು. ರಾಕ್ ಸಂಗೀತದ ಸಾಮಾನ್ಯ ನಡೆ ನಾಲ್ಕು ಪೆಟ್ಟಿನದು. ಎರಡನೆಯ ಮತ್ತು ನಾಲ್ಕನೆಯ ಪೆಟ್ಟು ಡ್ರಮ್ಸಿನಲ್ಲಿ ಜೋರಾಗಿ ಬೀಳುತ್ತದೆ. ಕನ್ನಡ ಪದ್ಯದ ನಡೆ ಒಂದೇ ಬಗೆಯದಲ್ಲ. ಮೂರು ಮಾತ್ರೆಯ ಗಣ, ನಾಲ್ಕರ ಗಣ, ಐದರ ಗಣ ಎಂದು ಉತ್ಸಾಹ, ಮಂದಾನಿಲ, ಲಲಿತ ರಗಳೆಗಳಲ್ಲಿ ನಾವು ಶಾಲೆಯಲ್ಲೇ ಓದಿರುತ್ತೇವೆ. ಅವೇ ನಡೆಗಳು ಹಾಡುಗಬ್ಬದಲ್ಲೂ ಇವೆ. ಮೇಲಾಗಿ ಕನ್ನಡದ ಮಾತು ಪದದ ಮೊದಲ ಅಕ್ಷರದ ಮೇಲೆ ಊರಿ ನಿಲ್ಲುತ್ತದೆ. ನಾಲ್ಕರ ನಡೆಯ ಪದ ರಾಕ್‌ಗೆ ಸುಲಭವಾಗಿ ಒಗ್ಗುತ್ತದೆ. ಮೂರರ ನಡೆಯ ಪದವನ್ನು ನಾಲ್ಕಕ್ಕೆ ಎಳೆದರೆ, ಡ್ರಮ್ಸಿನ ಪೆಟ್ಟು ಪದದ ನಡುವೆ ಬಿದ್ದು ಪದ ಎರಡು ತುಂಡಾಗುತ್ತದೆ, ಅರ್ಥ ಚೆಲ್ಲಿಹೋಗುತ್ತದೆ. ಸೋರುವ ಮಾಳಿಗೆಯ ಪದದ ಪಲ್ಲವಿ ಮೂರು ಮೂರು ಮಾತ್ರೆಯಲ್ಲಿ ಜೋಲಾಡುತ್ತ ಹೋಗುವಂಥದು. ಮಳೆಯಲ್ಲಿ ಕೂತವನ ನಿಟ್ಟುಸಿರಿನ ಲಯ ಅದು. ಅಶ್ವಥ್ ಆ ನಿಟ್ಟುಸಿರನ್ನು ಕೂಗಿನವರೆಗೆ ಎಳೆದು ಉಳಿಸಿದರು. ದೀಕ್ಷಿತರು ಹಾಡಿದಾಗಲೂ ಗಾಯಕನ ದನಿಯೇ ಎಲ್ಲಕ್ಕಿಂತ ಮುಂದಿದೆ, ಪದ ಪದವಾಗಿಯೇ ಕಿವಿಗೆ ಬೀಳುತ್ತದೆ. ಅವರನ್ನು ಅನುಕರಿಸಿ ಕಾಲೇಜು ಉತ್ಸವಗಳಲ್ಲಿ ಅಬ್ಬರಿಸುವ ಎಷ್ಟೋ ತಂಡಗಳು ಸೋಲುವುದು ಇಲ್ಲೇ. ಅವರಿಗೆ ಗಿಟಾರು ಬರುತ್ತದೆ, ರಾಗವೂ ಬರುತ್ತದೆ. ಪದದ ಗಣ ಎಲ್ಲಿ ಮುರಿಯುತ್ತದೆ ಎಂಬ ಎಚ್ಚರ ಬಂದಿರುವುದಿಲ್ಲ.

ಈ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೂ ರಾಕ್‌ಗೂ ನಂಟು ಬೆಳೆದದ್ದು ಹೀಗೆಯೇ. ಬಿಲ್ ಮನ್ರೋ ಎಂಬ ಗಾಯಕ ಕೆಂಟಕಿ ಸೀಮೆಯ ಬೆಳದಿಂಗಳನ್ನು ಕುರಿತು 1946ರಲ್ಲಿ ಮುದ್ರಿಸಿದ ಹಾಡು ಮೂರರ ನಡೆಯದು, ನಿಧಾನದ್ದು. 1954ರಲ್ಲಿ ಮೆಂಫಿಸ್ಸಿನ ಸನ್ ರೆಕಾರ್ಡ್ಸಿನಲ್ಲಿ ಎಲ್ವಿಸ್ ಪ್ರೀಸ್ಲಿ ತನ್ನ ಮೊದಲ ತಟ್ಟೆಯ ಒಂದು ಮಗ್ಗುಲಿಗೆ ಕರಿಯರ ಬ್ಲೂಸ್ ಹಾಡನ್ನೂ ಇನ್ನೊಂದು ಮಗ್ಗುಲಿಗೆ ಮನ್ರೋನ ಈ ಹಾಡನ್ನೂ ಹಾಡಿದ. ಮೂರರ ನಡೆಯನ್ನು ನಾಲ್ಕಕ್ಕೆ ತಿರುಗಿಸಿ ಓಡಿಸಿದ. ಹಳಬರು ಸಿಟ್ಟಾಗಬಹುದಿತ್ತು. ಆದರೆ ಮನ್ರೋ ಅದೇ ವರ್ಷ ತನ್ನ ಹಾಡನ್ನು ಮತ್ತೆ ಮುದ್ರಿಸಿದ: ಮೊದಲು ತನ್ನ ಹಳೆಯ ಮೂರರ ನಡೆ, ಆಮೇಲೆ ಆ ಹುಡುಗ ಹಾಕಿಕೊಟ್ಟ ನಾಲ್ಕರ ನಡೆ. ಹಳ್ಳಿಯ ಸಂಗೀತವೂ ರಾಕ್ ಸಂಗೀತವೂ ಪರಸ್ಪರ ಕಲಿತದ್ದಕ್ಕೆ ಇಷ್ಟು ಚೊಕ್ಕ ದಾಖಲೆ ಇನ್ನೊಂದಿಲ್ಲ. ಆ ಹಾಡು ಎರಡೂ ನಡೆಯಲ್ಲಿ ಬದುಕಿದ್ದು ಅದರ ಮಾತು ಸರಳವಾಗಿತ್ತು ಮತ್ತು ಇಬ್ಬರೂ ಅದನ್ನು ನಿಚ್ಚಳವಾಗಿ ಹಾಡಿದರು ಎಂಬುದರಿಂದ. ಅಪ್ಪಟ ಎಂದು ಹೇಳಿಕೊಳ್ಳುವ ಆ ಕಂಟ್ರಿ ಸಂಗೀತದ ಬ್ಯಾಂಜೋ ಕೂಡ ಆಫ್ರಿಕದಿಂದ ಗುಲಾಮರ ಜೊತೆ ಬಂದದ್ದು. ಬೆರಕೆಯಿಲ್ಲದ ಹಳ್ಳಿಹಾಡು ಎಲ್ಲೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಸೊಲ್ಲು ಕೇಳಿಸಿದರೂ ಅರ್ಥ ಮುಟ್ಟುತ್ತಿಲ್ಲ, ಜನ ಕುಣಿಯುತ್ತಾರೆ ಅಷ್ಟೆ. ಗುಡಿಗುಡಿಯ ಪದವನ್ನೇ ತೆಗೆದುಕೊಳ್ಳಿ. ತಂಬಾಕಿನ ಸಂಚಿ, ಸೊಪ್ಪು, ಚಿಲುಮೆ, ಅದರ ಮೇಲಿಡುವ ಕೆಂಡ, ಎಳೆದಾಗ ಹೊರಡುವ ಗುಡುಗುಡು ಸದ್ದು, ಇಷ್ಟೂ ಅಲ್ಲಿ ಇವೆ. ಶರೀಫರು ಒಂದೊಂದಕ್ಕೂ ಒಳಗಿನ ಜೋಡಿ ಕೊಡುತ್ತಾರೆ: ಸಂಚಿ ಮನಸ್ಸಾಗುತ್ತದೆ, ಕೊಚ್ಚಿ ತುಂಬುವ ಸೊಪ್ಪು ಮೋಹವಾಗುತ್ತದೆ, ಮೇಲಿಡುವ ಕೆಂಡ ಬುದ್ಧಿಯಾಗುತ್ತದೆ. ಸೇದುವುದೆಂದರೆ ಮೋಹವನ್ನು ಸುಡುವುದು. ಇದನ್ನು ಸಾವಿರಾರು ಜನ ಹುಕ್ಕಾದ ಹಾಡೆಂದುಕೊಂಡು ಕೈ ಬೀಸಿ ಕುಣಿದರೆ ಶರೀಫರಿಗೆ ಅಪಚಾರವಾಯಿತೆ? ನನಗೆ ಹಾಗನ್ನಿಸದು. ತತ್ವಪದವನ್ನು ಕಟ್ಟಿದ್ದೇ ಹೀಗೆ ಎರಡು ಅಂತಸ್ತಿನಲ್ಲಿ. ಮೇಲಿನ ಅಂತಸ್ತು ಎಲ್ಲರಿಗೂ ತೆರೆದದ್ದು, ನಗೆಯದು, ಊಟ, ತಂಬಾಕು, ಕೋಳಿ, ಕೋಡಗಗಳದು. ಕೆಳಗಿನದು ಮತ್ತೆ ಮತ್ತೆ ಹಾಡಿದವನಿಗೆ ಮಾತ್ರ ಸಿಗುವಂಥದು. ಶರೀಫರ ಕಾಲದ ಸಂತೆಯಲ್ಲಿ ನಿಂತು ಕೇಳಿದವರೆಲ್ಲ ಅಂದೇ ಜ್ಞಾನಿಗಳಾಗಿ ಮನೆಗೆ ಹೋಗಲಿಲ್ಲ. ಪದ ಬಾಯಲ್ಲಿ ಉಳಿದರೆ ಅರ್ಥ ತನ್ನ ಹೊತ್ತಿಗೆ ಬರುತ್ತದೆ. ಇದಕ್ಕೆ ಬೇಕಾದ ಕರಾರು ಒಂದೇ, ಪದ ಬಾಯಿಗೆ ಇಡಿಯಾಗಿ ಬರಬೇಕು. ಪಲ್ಲವಿಯೊಂದನ್ನೇ ಹಿಡಿದು ಹತ್ತು ಸಲ ಕೂಗಿಸಿ ಚರಣಗಳನ್ನು ನುಂಗಿಹಾಕುವ ಪ್ರಯೋಗಗಳನ್ನು ನಾನು ಒಪ್ಪುವುದಿಲ್ಲ. ಚರಣ ಹೋದರೆ ಕೆಳಗಿನ ಅಂತಸ್ತಿಗೆ ಇಳಿಯುವ ಮೆಟ್ಟಿಲೇ ಹೋಯಿತು.

ಈ ಕರಾರಿನ ಮಹತ್ವ ಬೆಂಗಳೂರಿಗಿಂತ ಪುಣೆಯ ಕೊಂಢವಾದಂಥ ಕಡೆ ಹೆಚ್ಚು. ಕೊಂಢವಾ ಖುರ್ದ್, ಕೊಂಢವಾ ಬುದ್ರುಕ್ ಎಂಬ ಎರಡು ಹಳ್ಳಿಗಳು ಪುಣೆ ನಗರದಲ್ಲಿ ಸೇರಿಹೋಗಿ ಇಂದು ಅಪಾರ್ಟ್‌ಮೆಂಟುಗಳ ಸಾಲಾಗಿವೆ. ಮರಾಠಿ, ಉರ್ದು, ಹಿಂದಿ ಇಲ್ಲಿನ ಬೀದಿಯ ಮಾತು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬರುವ ಕುಟುಂಬಗಳ ಮಕ್ಕಳು, ಕಂಪನಿ ಕೆಲಸಕ್ಕೆ ಬಂದವರ ಮಕ್ಕಳು, ಇಬ್ಬರೂ ಕನ್ನಡವನ್ನು ಮನೆಯಲ್ಲಿ ಕೇಳುತ್ತಾರೆ, ಬಹುಮಟ್ಟಿಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಕನ್ನಡ ಅಕ್ಷರ ಬಾರದ ಮಗುವಿಗೆ ಪುಸ್ತಕದ ಶರೀಫರು ಇಲ್ಲ. ಅವನಿಗೆ ಕನ್ನಡ ಸಾಹಿತ್ಯ ಎಂದರೆ ಕಿವಿಗೆ ಬಿದ್ದದ್ದಷ್ಟೇ. ಅಂಥವನಿಗೆ ಗಿಟಾರಿನ ಹಾಡು ದೊಡ್ಡ ಉಪಕಾರ, ಏಕೆಂದರೆ ತನ್ನ ಓರಗೆಯವರ ನಡುವೆ ಅದನ್ನು ನಾಚಿಕೆಯಿಲ್ಲದೆ ಹಚ್ಚಬಹುದು. ಆದರೆ ಸದ್ದಿನಲ್ಲಿ ಮಾತು ಮುಳುಗಿದರೆ ಅವನು ಪುಸ್ತಕ ತೆಗೆದು ಸರಿಮಾಡಿಕೊಳ್ಳಲಾರ. ಪಕ್ಕದ ಮರಾಠಿ ಗೆಳೆಯನಿಗೆ ತುಕಾರಾಮರ ಅಭಂಗ ಗೊತ್ತು, ಮೊಹಲ್ಲಾದ ಗೆಳೆಯನಿಗೆ ಕವ್ವಾಲಿ ಗೊತ್ತು. ಬ್ರಾಹ್ಮಣ ಗುರುವಿನ ಮುಸಲ್ಮಾನ ಶಿಷ್ಯ ಕಟ್ಟಿದ ಪದದ ಅರ್ಥವನ್ನು ಕನ್ನಡದ ಹುಡುಗ ಹೇಳಿದರೆ ಅವರಿಬ್ಬರೂ ಥಟ್ಟನೆ ಹಿಡಿಯಬಲ್ಲರು. ಹೇಳಬೇಕಾದರೆ ಮೊದಲು ಅವನಿಗೆ ಮಾತು ಕೇಳಿಸಿರಬೇಕು. ಹೊರನಾಡಿನಲ್ಲಿ ಹಾಡುಗಾರನೇ ಮೇಷ್ಟ್ರು.

ಹಾಗಾದರೆ ಗ್ಲ್ಯಾಸ್ಟನ್‌ಬರಿಯಲ್ಲಿ ಕುಣಿದವರಿಗೆ ಕನ್ನಡ ಬರುತ್ತಿರಲಿಲ್ಲವಲ್ಲ, ಅಲ್ಲಿ ಗೆದ್ದದ್ದು ಲಯ ಮತ್ತು ವೇಷ ತಾನೆ, ಎಂದು ಕೇಳಬಹುದು. ಲಯಕ್ಕೆ ಪಾಲಿದೆ, ಒಪ್ಪುತ್ತೇನೆ. ಆದರೆ ಆ ಲಯ ಎಲ್ಲಿಂದ ಬಂತು? ಇಂಗ್ಲಿಷರಿಗೆ ಇಂಗ್ಲಿಷ್ ರಾಕ್ ಹೊಸದಾಗಿರಲಿಲ್ಲ; ಅದರ ಮೇಲೆ ಕನ್ನಡದ ಮಾತು ಓಡುವ, ತಡೆಯುವ, ಎಗರುವ ರೀತಿ ಹೊಸದಾಗಿತ್ತು. ಮಾತು ಅರ್ಥವಾಗದವನಿಗೂ ಮಾತಿನ ನಡೆ ತಾಗುತ್ತದೆ. ಮರಾಠಿ ಬಾರದ ನಮ್ಮ ಹಿರಿಯರು ಅಭಂಗ ಕೇಳಿ ತಲೆದೂಗಿದ್ದು ಹೀಗೆಯೇ.

ಮೂರನೆಯ ಆಕ್ಷೇಪ ನ್ಯಾಯದ್ದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅರ್ಧ ಒಪ್ಪಿಗೆಯೇ ಇದೆ. ಪದವನ್ನು ತಲೆಮಾರುಗಳಿಂದ ಬಾಯಲ್ಲಿ ಕಾಪಾಡಿದವರು ಹಳ್ಳಿಯ ಭಜನೆಯವರು. ದುಡ್ಡು ಮತ್ತು ಹೆಸರು ನಗರದ ತಂಡಕ್ಕೆ. ಕಾಯ್ದೆ ಇಲ್ಲಿ ನೆರವಿಗೆ ಬರುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕೃತಿಕಾರ ತೀರಿಕೊಂಡ ಮೇಲೆ ಹಕ್ಕು ಉಳಿಯುವುದು 60 ವರ್ಷ. ಶರೀಫರ ಪದ ಎಂದೋ ಎಲ್ಲರ ಸೊತ್ತಾಗಿದೆ, ಹೆಸರೇ ಇಲ್ಲದ ಜನಪದ ಹಾಡಿಗೆ ಹಕ್ಕುದಾರನೂ ಇಲ್ಲ. ಹಾಗಾಗಿ ಉಳಿಯುವುದು ಮನಸ್ಸಾಕ್ಷಿಯ ಸಾಲ. ನೂರು ವರ್ಷಗಳಷ್ಟು ಹಿಂದೆ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗಲೂ ಹಾಡಿದವರ ಹೆಸರುಗಳು ಕನ್ನಡಕ್ಕೆ ಉಳಿಯಲಿಲ್ಲ, ಹಾಡು ಉಳಿಯಿತು. ಆ ತಪ್ಪನ್ನು ಇಂದಿನವರು ಮತ್ತೆ ಮಾಡಬೇಕಾಗಿಲ್ಲ. ವೇದಿಕೆಯಲ್ಲಿ ಪದಕಾರನ ಹೆಸರು ಹೇಳುವುದು, ಧಾಟಿ ಯಾವ ಊರಿನ ಯಾರಿಂದ ಬಂತೆಂದು ಮುದ್ರಿಕೆಯ ಮೇಲೆ ಬರೆಯುವುದು, ಆ ಹಾಡುಗಾರರನ್ನು ಸಂಭಾವನೆ ಕೊಟ್ಟು ಅದೇ ವೇದಿಕೆಗೆ ಕರೆಯುವುದು, ಇವು ಯಾವ ತಂಡದ ಕೈಲೂ ಆಗುವ ಕೆಲಸಗಳು. ಮಾಡದವರನ್ನು ಕೇಳುಗರು ಕೇಳಬೇಕು. ಆದರೆ ಸಾಲ ತೀರಿಸಲಿಲ್ಲ ಎಂಬುದು ಹಾಡಬಾರದು ಎಂಬುದಕ್ಕೆ ಕಾರಣವಾಗದು. ತೀರಿಸಿ ಹಾಡಿ ಎನ್ನುವುದಕ್ಕೆ ಕಾರಣ.

ಉಳಿದದ್ದು ನನ್ನ ಅಳತೆಗೋಲಿನ ಕೊನೆಯ ಗೆರೆ. ಇನ್ನೊಬ್ಬರ ಸೊಲ್ಲನ್ನು ಮುಂದಿಟ್ಟು ಹಾಡುವುದು ದೊಡ್ಡ ಗುಣ. ಆದರೆ ಬರೆದು ಹಾಡುವವನೆಂಬ ಹೆಸರು ಪೂರ್ತಿ ಸಲ್ಲಬೇಕಾದರೆ ಅದೇ ತೂಕದ ಸೊಲ್ಲು ತನ್ನ ಕಾಲದಿಂದ ಹುಟ್ಟಬೇಕು. ಕನ್ನಡದಲ್ಲಿ ಅದು ಆಗದ ಕೆಲಸವಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದ ದ.ರಾ. ಬೇಂದ್ರೆಯವರು ಲಾವಣಿಯ, ಗರತಿಯ ಹಾಡಿನ ಧಾಟಿಗಳನ್ನು ಮೈಗೂಡಿಸಿಕೊಂಡು, 1932ರ ‘ಗರಿ’ಯಿಂದ 1938ರ ‘ನಾದಲೀಲೆ’ಯವರೆಗೆ ಆ ಧಾಟಿಗಳಲ್ಲೇ ಅದುವರೆಗೆ ಯಾರೂ ಆಡದ ಮಾತು ಆಡಿದರು. ಅವರು ಜಾನಪದವನ್ನು ಅನುಕರಿಸಲಿಲ್ಲ, ಮುಂದುವರಿಸಿದರು. ದೀಕ್ಷಿತರ ವೃತ್ತಿಜೀವನ ಕನ್ನಡದ ಹಾಡಿಗೆ ದೊಡ್ಡ ವೇದಿಕೆ ಕಟ್ಟಿಕೊಟ್ಟಿದೆ. ‘ಸ್ವರಾತ್ಮ’ ತಂಡದ ವಾಸು ದೀಕ್ಷಿತರಂಥವರು ಅದೇ ವೇದಿಕೆಯ ಮೇಲೆ ತಮ್ಮ ದಾರಿ ಮಾಡಿಕೊಂಡಿದ್ದಾರೆ. ಆ ವೇದಿಕೆಯ ಮೇಲೆ ಹೆಚ್ಚು ಗಟ್ಟಿಯಾಗಿ ನಿಂತಿರುವ ಕನ್ನಡ ಪದಗಳು ಇಂದಿಗೂ ಹತ್ತೊಂಬತ್ತನೆಯ ಶತಮಾನದವು ಎಂಬುದು ರಘು ದೀಕ್ಷಿತರ ಸಾಧನೆಯನ್ನು ಕಡಿಮೆ ಮಾಡುವುದಿಲ್ಲ, ಮುಂದಿನ ಕೆಲಸವನ್ನು ತೋರಿಸುತ್ತದೆ. ಶರೀಫರು ಹತ್ತಿ ಗಿರಣಿಯನ್ನು ಹಾಡಿದಂತೆ ನಮ್ಮ ಕಾಲದ ಯಂತ್ರಗಳನ್ನು, ನಮ್ಮ ಕೂಲಿಯನ್ನು, ಊರು ಬಿಟ್ಟವರ ಬಾಡಿಗೆ ಮನೆಯನ್ನು ಹಾಡುವ ಪದ ಬೇಕು. ಮೇಲೆ ನಗೆ, ಕೆಳಗೆ ತತ್ವ ಇರುವ ಪದ, ಗಣ ತಪ್ಪದ ಪದ. ಅದನ್ನು ಬರೆಯಬಲ್ಲವರು ಕವಿಗೋಷ್ಠಿಯಲ್ಲಿದ್ದರೆ ತಂಡದವರು ಹೋಗಿ ಕರೆತರಲಿ. ತಂಡದಲ್ಲೇ ಇದ್ದರೆ ಅವರು ತಮ್ಮ ಹಿಂದಿ, ಇಂಗ್ಲಿಷ್ ಹಾಡಿಗೆ ಕೊಡುವಷ್ಟೇ ಹೊತ್ತನ್ನು ಕನ್ನಡದ ಒಂದು ಚರಣಕ್ಕೆ ಕೊಡಲಿ. ಗಿಟಾರು ಕನ್ನಡ ಕಲಿತಾಗಿದೆ. ಇನ್ನು ಅದಕ್ಕೆ ಹೇಳಲು ಹೊಸ ಮಾತು ಕೊಡುವ ಹೊಣೆ ಬರೆಯುವವರದು, ಆ ಮಾತು ಕೇಳಿಸಲೇಬೇಕೆಂದು ಹಟ ಹಿಡಿಯುವ ಹೊಣೆ ಕೇಳುವ ನಮ್ಮದು.